ಧಾತು-ಈಶ್ವರ ಕ್ಷಾಮದ ತಬ್ಬಲಿಗಳೂ ಬೆಂಗಳೂರಿನ ಪಡುವಣ ಸೀಮೆಯ ಕ್ರೈಸ್ತಾಶ್ರಮಗಳೂ

ಬೆಂಗಳೂರಿನ ಕೋಟೆಯಿಂದ ಪಡುವಲಾಗಿ ಮಾಗಡಿಗೆ ಹೋಗುವ ದಾರಿಯ ಮೇಲೆ ಬ್ಯಾಡರಹಳ್ಳಿ ಎಂಬ ಊರಿರುವುದು. ಬೇಡರ ಹಳ್ಳಿ ಎಂಬುದೇ ಜನರ ಬಾಯಲ್ಲಿ ಬ್ಯಾಡರಹಳ್ಳಿಯಾಗಿದೆ. ಬೇಳೆಯನ್ನು ಬ್ಯಾಳೆಯೆಂದೂ ಬೇಸಗೆಯನ್ನು ಬ್ಯಾಸಗೆಯೆಂದೂ ನುಡಿಯುವ ರೂಢಿಯೇ ಇಲ್ಲಿಯೂ ಕಾಣುತ್ತದೆ. ಸುತ್ತಣ ಊರುಗಳ ಹೆಸರುಗಳೂ ಹೆಚ್ಚು ಕಡಿಮೆ ಇದೇ ಬಗೆಯವು. ಒಂದು ಕುಲವನ್ನೋ, ಕೆರೆಯನ್ನೋ, ಮರವನ್ನೋ, ಗ್ರಾಮದೇವತೆಯನ್ನೋ, ಊರು ಕಟ್ಟಿದ ಗೌಡನನ್ನೋ ಅವು ಹೇಳುವುವು. ಇಲ್ಲಿಂದ ಬಡಗಲಾಗಿ ನಡೆದು, ಚಿಕ್ಕಬಾಣಾವರವನ್ನು ದಾಟಿ, ಹೆಸರಘಟ್ಟದ ದಾರಿಯನ್ನು ಹಿಡಿದರೆ ಈ ಸಾಲಿಗೆ ಸೇರದ ಹೆಸರೊಂದು ಎದುರಾಗುತ್ತದೆ. ಅದು ಸಿಲುವೆಪುರ. ಈ ಊರಿಗೆ ಪಾಳೆಯಗಾರರ ಕಥೆಯಿಲ್ಲ, ವೀರಗಲ್ಲಿನ ಸಾಕ್ಷ್ಯವಿಲ್ಲ. ಕ್ರಿ. ಶ. 1876-78ರ ಮಹಾಕ್ಷಾಮದ ತರುವಾಯ, ಆ ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಕಥೋಲಿಕ ಮಿಷನ್ನಿನವರು ಕಟ್ಟಿದ ಬೇಸಾಯದ ಊರಿದು.

ಊರಿನ ಹೆಸರಿನಲ್ಲಿಯೇ ಇತಿಹಾಸದ ಒಂದಂಶ ಅಡಗಿರುವುದು. ಕನ್ನಡದ ಪ್ರಾಟೆಸ್ಟಂಟ್ ಬೈಬಲ್ಲಿನಲ್ಲಿಯೂ ಇಂದಿನ ಸಾಮಾನ್ಯ ಬರವಣಿಗೆಯಲ್ಲಿಯೂ ಬಳಕೆಯಲ್ಲಿರುವ ರೂಪ ‘ಶಿಲುಬೆ’. ‘ಸಿಲುವೆ’ ಎಂಬುದು ತಮಿಳಿನ ‘ಸಿಲುವೈ’ ಎಂಬುದಕ್ಕೆ ಹತ್ತಿರವಾದುದು. ಎರಡಕ್ಕೂ ಮೂಲ ಒಂದೇ; ಸುರಿಯಾನಿ ಭಾಷೆಯ ಸ್ಲೀಬಾ ಎಂಬ ಶಬ್ದವು ಮಲೆಯಾಳದ ಪ್ರಾಚೀನ ಕ್ರೈಸ್ತರ ಮೂಲಕ ದಕ್ಷಿಣದ ಭಾಷೆಗಳಿಗೆ ಹರಡಿತು. ಬೆಂಗಳೂರಿನ ದಂಡಿನ ಕ್ರೈಸ್ತ ಸಭೆಗಳಲ್ಲಿ ತಮಿಳು ಪ್ರಬಲವಾಗಿದ್ದಿತು. ಮೈಸೂರಿನ ಕಥೋಲಿಕ ಮಿಷನ್ನು ಕೂಡ ಮೊದಲು ಪುದುಚೇರಿಯ ಆಡಳಿತಕ್ಕೆ ಸೇರಿದ್ದು, 19ನೆಯ ಶತಮಾನದ ನಡುವಿನಲ್ಲಿ ಪ್ರತ್ಯೇಕವಾಯಿತು. ಹೀಗಿರಲಾಗಿ, ಕನ್ನಡ ನೆಲದಲ್ಲಿ ಹೊಸದಾಗಿ ಹುಟ್ಟಿದ ಊರಿಗೆ ತಮಿಳಿನ ಉಚ್ಚಾರಣೆ ಅಂಟಿಕೊಂಡುದು ಆಶ್ಚರ್ಯವಲ್ಲ. ಕನಕಪುರದ ಕಡೆಯ ಮರಿಯಾಪುರವೆಂಬ ಹೆಸರೂ ಇದೇ ಜಾತಿಯದು: ಪುರವೆಂಬ ಹಳೆಯ ಅಂತ್ಯಕ್ಕೆ ಹೊಸ ದೈವದ ಹೆಸರಿನ ಜೋಡಣೆ.

ಅನಾಥಾಲಯವೆಂದರೆ ಎತ್ತರದ ಗೋಡೆ, ಸಾಲು ಹಾಸಿಗೆ, ಗಂಟೆಯ ಸದ್ದು ಎಂಬ ಚಿತ್ರ ಇಂದಿನ ಓದುಗನ ಮನಸ್ಸಿಗೆ ಬರುವುದು ಸಹಜ. ಆದರೆ ಈ ಸೀಮೆಯಲ್ಲಿ ಅನಾಥರಕ್ಷಣೆಯು ಊರಿನ ರೂಪವನ್ನು ತಾಳಿತು. ಮಗುವಿಗೆ ಅನ್ನವನ್ನೂ ಸೂರನ್ನೂ ಕೊಡುವುದು ಒಂದು ಕೆಲಸ. ಅದು ಬೆಳೆದು ನಿಂತಾಗ ನೆಲ, ನಂಟು, ನೆರೆ ಇವುಗಳನ್ನು ಒದಗಿಸುವುದು ಇನ್ನೂ ಕಠಿನವಾದ ಕೆಲಸ. ಏತಕ್ಕೆ ಹೀಗಾಯಿತೆಂಬುದನ್ನು ತಿಳಿಯಲು ಕ್ಷಾಮದ ಸ್ವರೂಪವನ್ನು ಸ್ವಲ್ಪ ನೋಡಬೇಕಾಗಿದೆ.

ಈ ಕ್ಷಾಮವನ್ನು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರವೆಂದು ಕರೆದರು. ಧಾತುವು 1876-77, ಈಶ್ವರವು 1877-78. 1875ರಲ್ಲಿಯೇ ಮಳೆ ಕುಂದಿತ್ತು. 1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟುವು. ಬೆಂಗಳೂರಿನ ಪಡುವಣ ಸೀಮೆಯು ಮಳೆಯನ್ನೇ ನಂಬಿದ ರಾಗಿಯ ಭೂಮಿ. ಇಲ್ಲಿಯ ರೈತರು ಸುಗ್ಗಿಯ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಒಳ್ಳೆಯ ಹಗೇವಿನಲ್ಲಿ ರಾಗಿಯು ಅನೇಕ ವರ್ಷ ಕೆಡದೆ ಉಳಿಯುತ್ತದೆ. ಒಂದು ವರ್ಷದ ಬರವನ್ನು ದಾಟಿಸಲು ಈ ಏರ್ಪಾಡು ಸಾಕಾಗುತ್ತಿತ್ತು. ಮೇಲಿಂದ ಮೇಲೆ ಬಂದ ಬರಕ್ಕೆ ಅದು ತಡೆಯಲಿಲ್ಲ. ಹಗೇವು ಬರಿದಾಯಿತು, ದನ ಸತ್ತಿತು, ಪಾತ್ರೆ ಪಡಗ ಮಾರಿಹೋಯಿತು. ಆಮೇಲೆ ಜನರು ಪೇಟೆಯ ದಾರಿ ಹಿಡಿದರು. ಮದರಾಸಿನ ಕಡೆಯಿಂದ ರೈಲಿನಲ್ಲಿ ಧಾನ್ಯವು ಬೆಂಗಳೂರಿಗೆ ಬರುತ್ತಿದ್ದರೂ, ಅಲ್ಲಿಂದ ಒಳನಾಡಿಗೆ ಒಯ್ಯಲು ಬೇಕಾದ ಬಂಡಿಯ ಎತ್ತುಗಳೇ ಮೇವಿಲ್ಲದೆ ಬಿದ್ದಿದ್ದುವು.

ಆಗ ಮೈಸೂರು ಬ್ರಿಟಿಷ್ ಕಮಿಷನ್ನಿನ ಆಡಳಿತದಲ್ಲಿದ್ದಿತು. 1877ರ ಆದಿಯಲ್ಲಿ ಸರ್ ರಿಚರ್ಡ್ ಟೆಂಪಲ್ಲನು ದಕ್ಷಿಣದಲ್ಲಿ ಸಂಚರಿಸಿ, ಕೂಲಿಗೆ ಬಂದವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಕಾಸು ಸಾಕೆಂದು ವಿಧಿಸಿದನು. ಈ ಮಿತವ್ಯಯವನ್ನು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷನೂ ‘ಮದರಾಸ್ ಟೈಮ್ಸ್’ ಪತ್ರಿಕೆಯ ವಿಲಿಯಂ ಡಿಗ್ಬಿಯೂ ಬಲವಾಗಿ ಖಂಡಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟ್ಟನ್ನನು ಖುದ್ದಾಗಿ ಬಂದು ನೋಡಿದ ಮೇಲೆ ಸಿ. ಎ. ಎಲಿಯಟ್ಟನು ಮೈಸೂರಿನ ಕ್ಷಾಮ ಕಮಿಷನರಾದನು. ಬೆಂಗಳೂರು ಮೈಸೂರು ರೈಲುದಾರಿಯ ಕೆಲಸವು ಕ್ಷಾಮನಿವಾರಣೆಯ ಕಾಮಗಾರಿಯಾಗಿಯೇ ನಡೆಯಿತು. ಕೆಂಗೇರಿಯನ್ನು ಹಾದು ಹೋಗುವ ಆ ದಾರಿಯು 1881ರಲ್ಲಿ ಕ್ಲೋಸ್‌ಪೇಟೆಯವರೆಗೂ 1882ರಲ್ಲಿ ಮೈಸೂರಿನವರೆಗೂ ತೆರೆಯಿತು. ಇಂದು ಅದರ ಮೇಲೆ ಪಯಣಿಸುವವರಲ್ಲಿ ಎಷ್ಟು ಮಂದಿಗೆ ಆ ಏರಿಯ ಮಣ್ಣನ್ನು ಹೊತ್ತವರ ನೆನಪು ಬರುವುದೋ!

ನಷ್ಟದ ಮೊತ್ತವನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಶಾಸನಸಂಶೋಧಕರೆಂದು ಕನ್ನಡಿಗರಿಗೆ ಚಿರಪರಿಚಿತರಾದ ಬಿ. ಎಲ್. ರೈಸರ ಮೇಲ್ವಿಚಾರಣೆಯಲ್ಲಿ ನಡೆದ 1881ರ ಗಣತಿಯಲ್ಲಿ ಅದು 41,86,188. ಅಂದರೆ ಹತ್ತು ವರ್ಷಗಳಲ್ಲಿ 8,69,224 ಮಂದಿ ಕಡಮೆಯಾದರು. ಸಹಜವಾಗಿ ಹೆಚ್ಚಬೇಕಾಗಿದ್ದ ಸಂಖ್ಯೆಯನ್ನೂ ಲೆಕ್ಕಕ್ಕೆ ತಂದರೆ ಹಾನಿಯು ಇನ್ನೂ ಮಿಗಿಲು. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿದಾಗ ಕ್ಷಾಮದ ಸಾಲವೇ 80 ಲಕ್ಷ ರೂಪಾಯಿ ಅವರ ತಲೆಯ ಮೇಲಿದ್ದಿತು. ರೈಸರ ಮೈಸೂರು ಗೆಜೆಟಿಯರಿನ ಮೊದಲ ಆವೃತ್ತಿಯ ಮೂರು ಸಂಪುಟಗಳು ಹೊರಬಂದುದು ಸರಿಯಾಗಿ ಈ ವರ್ಷಗಳಲ್ಲಿಯೇ ಎಂಬುದು ವಿಧಿಯ ಅಣಕದಂತಿದೆ. ನಾಡಿನ ಸಮೃದ್ಧಿಯನ್ನು ವರ್ಣಿಸಿದ ಪುಟಗಳು ಅಚ್ಚಿನ ಮನೆಯಲ್ಲಿರುವಾಗಲೇ ಆ ನಾಡು ಬರಿದಾಗುತ್ತಿದ್ದಿತು.

ಬದುಕಿ ಉಳಿದ ಮಕ್ಕಳ ವಿಷಯಕ್ಕೆ ಬಂದರೆ, ಅವರ ಗತಿಯನ್ನು ನಿರ್ಧರಿಸಿದುದು ಹಸಿವೊಂದೇ ಅಲ್ಲ, ಅನ್ನವೂ ಹೌದು. ಸರ್ಕಾರದ ಗಂಜಿಮನೆಯಲ್ಲಿ ಯಾರು ಬೇಯಿಸಿದರು, ಯಾರ ಪಕ್ಕದಲ್ಲಿ ಕುಳಿತು ಉಂಡರು ಎಂಬುದು ಆ ಕಾಲದಲ್ಲಿ ಪ್ರಾಣದಷ್ಟೇ ದೊಡ್ಡ ಪ್ರಶ್ನೆ. ಕುಲಹೋಗುವ ಭಯದಿಂದ ಗಂಜಿಮನೆಯ ಬಾಗಿಲಿಗೆ ಬಾರದೆ ಮನೆಯಲ್ಲಿಯೇ ಸತ್ತವರುಂಟು. 1866ರ ಒರಿಸ್ಸಾ ಕ್ಷಾಮದಲ್ಲಿ ಧರ್ಮಛತ್ರಗಳಲ್ಲಿ ಉಂಡವರನ್ನು ಅವರವರ ಕುಲದವರು ಹೊರಗಿಟ್ಟುದರಿಂದ ‘ಛತ್ರಖಾಯಿ’ ಎಂಬ ಹೊಸ ಜಾತಿಯೇ ಅಲ್ಲಿ ಹುಟ್ಟಿಕೊಂಡಿತು. ಹತ್ತು ವರ್ಷಗಳ ತರುವಾಯ ದಕ್ಷಿಣದಲ್ಲಿ ನಡೆದುದನ್ನು ಅರ್ಥಮಾಡಿಕೊಳ್ಳಲು ಈ ದೃಷ್ಟಾಂತವು ಅಮೂಲ್ಯವಾದುದು. ನಾಲ್ಕೈದು ವರ್ಷದ ಮಗುವಿಗೆ ತನ್ನ ಊರಿನ ಹೆಸರು ಹೇಳಲು ಬಾರದು. ತಂದೆಯ ಹೆಸರು ಬಂದರೂ ಆ ಹೆಸರಿನವರು ಸೀಮೆಯಲ್ಲಿ ನೂರಾರು ಮಂದಿ. ದೂರದ ನಂಟರು ಬದುಕಿದ್ದು ಹುಡುಕಿಕೊಂಡು ಬಂದರೂ, ತಿಂಗಳುಗಟ್ಟಲೆ ಎಲ್ಲರೊಡನೆ ಗಂಜಿ ಕುಡಿದ ಮಗುವನ್ನು ಒಲೆಯ ಬಳಿಗೆ ಕರೆದುಕೊಳ್ಳಲು ಎಲ್ಲರಿಗೂ ಧೈರ್ಯವಿರಲಿಲ್ಲ. ಮಗುವು ತನ್ನ ಕುಲದಿಂದ ಕಳಚಿಕೊಂಡುದು ಜ್ಞಾನಸ್ನಾನದ ತೊಟ್ಟಿಯ ಬಳಿ ಎಂದು ಸಾಮಾನ್ಯವಾಗಿ ಹೇಳುವರು. ಅದಕ್ಕೆ ಬಹು ಮುಂಚೆಯೇ, ಗಂಜಿಯ ಕಡಾಯಿಯ ಬಳಿ, ಆ ಕಳಚುವಿಕೆ ಮೊದಲಾಗಿದ್ದಿತೆಂಬುದನ್ನು ಇತಿಹಾಸಕಾರನು ಮರೆಯಲಾಗದು.

ಕನ್ನಡದಲ್ಲಿ ಇಂಥ ಮಗುವಿಗೆ ಎರಡು ಹೆಸರುಗಳಿರುವುವು. ಒಂದು ತಬ್ಬಲಿ; ಇನ್ನೊಂದು, ಆಡುಮಾತಿನ ಪರದೇಶಿ. ಬೇರೆ ದೇಶದವನೆಂಬ ಅರ್ಥದ ಶಬ್ದವು ದಿಕ್ಕಿಲ್ಲದವನೆಂಬ ಅರ್ಥಕ್ಕೆ ತಿರುಗಿರುವುದು ಗಮನಾರ್ಹ. ನಂಟರಿಲ್ಲದವನಿಗೆ ತನ್ನ ಊರೇ ಪರದೇಶ ಎಂಬ ಭಾವನೆಯು ಇಲ್ಲಿ ಹುದುಗಿದೆ. ಗೋವಿನ ಹಾಡಿನಲ್ಲಿ ತಾಯಿಹಸುವು ತನ್ನ ಕರುವನ್ನು ಒಪ್ಪಿಸಿ ಹೋಗುವುದು ತನ್ನ ಹಿಂಡಿನ ಒಡಹುಟ್ಟುಗಳಿಗೇ. ತಬ್ಬಲಿಯು ಹಿಂಡಿನೊಳಗೆ ಉಳಿಯಬೇಕೆಂಬುದೇ ಜನಪದದ ಧರ್ಮ. ಹಿಂಡೇ ಚದರಿಹೋದಾಗ ಏನು ಮಾಡಬೇಕೆಂಬುದಕ್ಕೆ ಆ ಧರ್ಮದಲ್ಲಿ ಸಿದ್ಧವಾದ ಉತ್ತರವಿರಲಿಲ್ಲ.

ಉತ್ತರ ಕೊಡಲು ಮುಂದಾದವರು ಮಿಷನ್ನಿನವರು. ಇದಕ್ಕೆ ಬೇಕಾದ ಅನುಭವವು ಅವರಿಗೆ ಆಗಲೇ ಸ್ವಲ್ಪಮಟ್ಟಿಗೆ ಇದ್ದಿತು. ಗುಡ್ ಶೆಪರ್ಡ್ ಸಂಘದ ಕನ್ಯಾಸ್ತ್ರೀಯರು 1854ರಲ್ಲಿಯೇ ಬೆಂಗಳೂರಿಗೆ ಬಂದು ಹೆಣ್ಣುಮಕ್ಕಳ ಪೋಷಣೆಯನ್ನು ಕೈಕೊಂಡಿದ್ದರು. 1886ರಲ್ಲಿ ಸಂತ ಮಾರ್ತಳ ಆಸ್ಪತ್ರೆಯನ್ನು ತೆರೆದವರೂ ಅವರೇ. ಲಂಡನ್ ಮಿಷನ್ನಿನವರು 1820ರಿಂದ ಬೆಂಗಳೂರಿನಲ್ಲಿದ್ದರು. ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿ, ಕ್ರಮೇಣ ತುಮಕೂರು, ಹಾಸನ, ಮೈಸೂರುಗಳಿಗೆ ಹಬ್ಬಿದ್ದರು. ಕ್ಷಾಮದ ಮಕ್ಕಳಲ್ಲಿ ತಮ್ಮ ಪಾಲಿಗೆ ಬಂದ ಗಂಡುಮಕ್ಕಳಿಗೆ ತುಮಕೂರಿನಲ್ಲಿಯೂ ಹೆಣ್ಣುಮಕ್ಕಳಿಗೆ ಹಾಸನದಲ್ಲಿಯೂ ಅವರು ಅನಾಥಶಾಲೆಗಳನ್ನು ಏರ್ಪಡಿಸಿದರು. ಕಥೋಲಿಕ ಮಿಷನ್ನು ಪ್ಯಾರಿಸಿನ ವಿದೇಶ ಮಿಷನ್ ಸಂಘದ ಪಾದ್ರಿಗಳ ವಶದಲ್ಲಿದ್ದು, ಕ್ಷಾಮದ ವರ್ಷಗಳಲ್ಲಿ ಬಿಷಪ್ ಷೆವಾಲಿಯೇ ಅದರ ಮುಖ್ಯಸ್ಥನಾಗಿದ್ದನು. ಅವನ ಹಿಂದಿನವನಾದ ಬಿಷಪ್ ಶಾರ್ಬೊನೋ ಎಂಬವನ ಕಾಲದಲ್ಲಿ ಬೆಂಗಳೂರಿನ ಮಿಷನ್ ಅಚ್ಚುಕೂಟದಿಂದ ಕನ್ನಡ-ಲ್ಯಾಟಿನ್, ಲ್ಯಾಟಿನ್-ಕನ್ನಡ ನಿಘಂಟುಗಳು ಹೊರಬಂದಿದ್ದುದನ್ನು ನೆನೆದರೆ, ದಂಡಿನ ತಮಿಳಿನಾಚೆ ಕನ್ನಡ ರೈತನ ಭಾಷೆಯನ್ನು ಕಲಿಯುವ ಪ್ರಯತ್ನವು ಕ್ಷಾಮಕ್ಕೆ ಮೊದಲೇ ನಡೆದಿದ್ದಿತೆಂಬುದು ವ್ಯಕ್ತವಾಗುವುದು. ಸರ್ಕಾರದ ಕ್ಷಾಮಶಿಬಿರಗಳು ಮುಚ್ಚಿಹೋದಾಗ ಯಾರೂ ಕೇಳದೆ ಉಳಿದ ಮಕ್ಕಳನ್ನು ಕೈನೀಡಿ ತೆಗೆದುಕೊಳ್ಳಲು ಸಿದ್ಧರಾಗಿದ್ದವರು ಮುಖ್ಯವಾಗಿ ಈ ಸಂಸ್ಥೆಗಳವರೇ.

ಮಕ್ಕಳು ಬಂದರು, ಆದರೆ ಮಕ್ಕಳು ಬಹುಕಾಲ ಮಕ್ಕಳಾಗಿಯೇ ಇರುವುದಿಲ್ಲ. 1877ರಲ್ಲಿ ಎಂಟು ವರ್ಷದ ಹುಡುಗನು 1890ರ ವೇಳೆಗೆ ಮದುವೆಯ ವಯಸ್ಸಿನ ಯುವಕ. ಅವನಿಗೆ ಕೆಲಸ ಬೇಕು, ಹೆಣ್ಣು ಬೇಕು, ಸತ್ತರೆ ಹೊರುವ ನಾಲ್ವರು ಬೇಕು. ಹಳ್ಳಿಯಲ್ಲಿ ಇವೆಲ್ಲವೂ ಕುಲದ ಮೂಲಕವೇ ದೊರೆಯತಕ್ಕವು. ಒಕ್ಕಲಿಗನು ಹೆಣ್ಣು ಕೇಳಲು ಹೋದರೆ ಮೊದಲು ಎದುರಾಗುವ ಪ್ರಶ್ನೆ ಯಾವ ಊರು, ಯಾವ ಬೆಡಗು, ಮನೆದೇವರು ಯಾವುದು ಎಂಬುದು. ಈ ಮೂರಕ್ಕೂ ಉತ್ತರ ಹೇಳಲಾರದವನು ವರನಾಗಲಾರ. ಅನಾಥಶಾಲೆಯ ಹುಡುಗನಿಗೆ ಅನಾಥಶಾಲೆಯ ಹುಡುಗಿಯೇ ಗತಿ. ಗಂಡುಮಕ್ಕಳ ಮತ್ತು ಹೆಣ್ಣುಮಕ್ಕಳ ಶಾಲೆಗಳನ್ನು ಮಿಷನ್ನಿನವರು ಜೋಡಿಯಾಗಿ ನಡೆಸಿದುದರ ಒಂದು ಪ್ರಯೋಜನವು ಇಲ್ಲಿ ಕಾಣುತ್ತದೆ.

ಜೀವನೋಪಾಯಕ್ಕೆ ಎರಡು ದಾರಿಗಳಿದ್ದುವು. ಒಂದು ಕೈಗಾರಿಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1851ರ ಸುಮಾರಿಗೆ ನೆಯ್ಗೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದು, ಕುಲಭ್ರಷ್ಟರಾಗಿ ಕಸುಬು ಕಳೆದುಕೊಂಡ ಕ್ರೈಸ್ತರಿಗೆ ಕೂಲಿಯನ್ನು ಕೊಟ್ಟಿದ್ದರು. ಇನ್ನೊಂದು ದಾರಿ ಬೇಸಾಯ. ಅಬ್ಬೆ ದ್ಯುಬ್ವಾ 1823ರಲ್ಲಿ ದೇಶವನ್ನು ಬಿಡುವುದಕ್ಕೆ ಮೊದಲು ಮೈಸೂರು ಸೀಮೆಯಲ್ಲಿ ಕ್ರೈಸ್ತ ಬೇಸಾಯಗಾರರ ನೆಲೆಗಳನ್ನು ಏರ್ಪಡಿಸಿದ್ದನು. ಬಾಸೆಲ್ ಮಿಷನ್ನಿನವರು 1841ರಲ್ಲಿ ಗದಗು ಬೆಟಗೇರಿಗಳ ಬಳಿ ಮಲಸಮುದ್ರವೆಂಬಲ್ಲಿ ಇದೇ ಪ್ರಯೋಗವನ್ನು ನಡೆಸಿದ್ದರು, ಅದು ಫಲಿಸಲಿಲ್ಲ. ಸ್ವಂತ ಊರುಗಳನ್ನೂ ನಂಟರನ್ನೂ ಬಿಟ್ಟು ಬಾರೆಂದು ವಯಸ್ಕರನ್ನು ಕರೆದು ಕೂರಿಸಿದ ಊರು ನಿಲ್ಲುವುದು ಕಷ್ಟ. ಹಿಂದಿರುಗಲು ಅವರಿಗೆ ಬೇರೆ ಊರೊಂದು ಇದ್ದೇ ಇರುತ್ತದೆ. ಕ್ಷಾಮದ ಮಕ್ಕಳಿಗೆ ಹಾಗೆ ಹಿಂದಿರುಗುವ ಊರು ಇರಲಿಲ್ಲ. ಸಿಲುವೆಪುರವು ಬೇರೂರಿ ನಿಂತುದಕ್ಕೆ ಇದೇ ಮುಖ್ಯ ಕಾರಣವೆಂದು ಭಾವಿಸಬಹುದು. ಊರನ್ನು ಉಳಿಸಿದ ಬಲ ಯಾವುದೋ ಅದರ ದುಃಖವೂ ಅದೇ.

ಫ್ರೆಂಚ್ ಪಾದ್ರಿಗಳು ಬೇಸಾಯದ ಊರನ್ನು ಮೆಚ್ಚಿದುದಕ್ಕೆ ಅವರ ಸ್ವದೇಶದ ಸಂಸ್ಕಾರವೂ ಕಾರಣವಾಗಿರಬೇಕು. ನಡುವೆ ಗುಡಿ, ಸುತ್ತ ಒಕ್ಕಲು, ಆಚೆ ಹೊಲ, ಗುಡಿಯ ಗಂಟೆಗೆ ಹೊಂದಿದ ದಿನಚರಿ, ಪಾಲಕ ಸಂತನ ವಾರ್ಷಿಕ ಹಬ್ಬ: ಫ್ರಾನ್ಸಿನ ಹಳ್ಳಿಯ ಈ ಕಟ್ಟಡಕ್ಕೂ ಕನ್ನಡ ಹಳ್ಳಿಯ ಕಟ್ಟಡಕ್ಕೂ ಹೊರನೋಟದಲ್ಲಿ ದೂರವಿಲ್ಲ. ಮನೆದೇವರಿಲ್ಲದವರಿಗೆ ಊರ ಸಂತನು ಮನೆದೇವರಾದನು. ಜಾತ್ರೆಯ ತೇರಿನ ಸ್ಥಾನದಲ್ಲಿ ಹಬ್ಬದ ತೇರು ಬಂದಿತು. ಹೊರಗಿನಿಂದ ಬಂದ ಸಂಸ್ಥೆಯೊಂದು ಜನರಲ್ಲಿ ಬೇರೂರುವುದು ಉಪದೇಶದಿಂದ ಎಷ್ಟೋ ಅದಕ್ಕಿಂತ ಹೆಚ್ಚಾಗಿ ಇಂಥ ಸಾದೃಶ್ಯಗಳಿಂದ. ಪಟ್ಟಣದ ಅನಾಥಶಾಲೆಯಲ್ಲಿ ಬೆಳೆದವನು ಅನಾಥಶಾಲೆಯವನೆಂಬ ಹೆಸರನ್ನು ಸಾಯುವವರೆಗೂ ಹೊರುವುದುಂಟು. ಸಿಲುವೆಪುರದವನು ಯಾರ ಮಗನೆಂದು ಕೇಳಿದರೆ ತಡವರಿಸಬಹುದು. ಯಾವ ಊರೆಂದು ಕೇಳಿದರೆ ಅವನಿಗೆ ಉತ್ತರವುಂಟು. ಅವನ ಮಗನಿಗೆ ಎರಡಕ್ಕೂ ಉತ್ತರವುಂಟು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ನ್ಯಾಯವಾಗದು. ತಂದೆತಾಯಿಗಳು ಯಾರೆಂದು ತಿಳಿಯದ ಮಗುವಿಗೆ ಜ್ಞಾನಸ್ನಾನವಾದಾಗ ಗುಡಿಯ ದಾಖಲೆಯಲ್ಲಿ ತಂದೆತಾಯಿಗಳು ಅಜ್ಞಾತರೆಂದು ಲ್ಯಾಟಿನ್ನಿನಲ್ಲಿ ಬರೆಯುವುದು ಕಥೋಲಿಕರಲ್ಲಿ ಹಿಂದಿನಿಂದ ಬಂದ ಪದ್ಧತಿ. ಆಮೇಲೆ ಸಂತನೊಬ್ಬನ ಹೆಸರು. ಒಂದು ವಂಶದ ಹಿಂದಿನ ಕಾಲವೆಲ್ಲವೂ ಆ ಒಂದು ಸಾಲಿನಲ್ಲಿ ಮುಚ್ಚಿಹೋಗುವುದು. ಅರಿಯದ ವಯಸ್ಸಿನ ಮಗುವಿನ ಮತವನ್ನು ಬದಲಾಯಿಸುವ ಅಧಿಕಾರವನ್ನು ಅನ್ನ ಕೊಟ್ಟವನಿಗೆ ಕೊಟ್ಟವರಾರು ಎಂಬ ಪ್ರಶ್ನೆಯು ಬಹುಬೇಗ ಎದ್ದಿತು. ಮಿಷನ್ನಿನವರ ಸಮಾಧಾನವು ಸರಳವಾಗಿದ್ದಿತು: ಬೇರೆ ಯಾರೂ ಬರಲಿಲ್ಲ. ಈ ಮಾತಿನಲ್ಲಿ ಸತ್ಯಾಂಶವು ದೊಡ್ಡದು. ಆದರೆ ಅದು ಪೂರ್ಣವಾದ ಉತ್ತರವಲ್ಲ. ಮಗುವನ್ನು ಸಾವಿನಿಂದ ಬಿಡಿಸುವುದಕ್ಕೂ ಅದರ ಹೆಸರನ್ನು ಬದಲಾಯಿಸುವುದಕ್ಕೂ ಅನಿವಾರ್ಯವಾದ ಸಂಬಂಧವಿಲ್ಲ. ಎದುರುಪಕ್ಷದವರ ಆಕ್ಷೇಪಣೆಯೂ ಅಷ್ಟೇ ಅಪೂರ್ಣ. ಉಂಡ ಅನ್ನದ ಕಾರಣದಿಂದ ಮಗುವನ್ನು ಹೊರಗಿಟ್ಟವರು, ಆ ಮಗು ಹೊರಗೆ ಹೋಯಿತೆಂದು ದೂರುವುದು ಹೇಗೆ?

ದೂರಿನಿಂದ ಒಂದು ಒಳ್ಳೆಯ ಫಲವು ಉಂಟಾಯಿತು. ದಯಾನಂದ ಸರಸ್ವತಿಯವರ ಪ್ರೇರಣೆಯಿಂದ 1877ರಲ್ಲಿಯೇ ಪಂಜಾಬಿನ ಫಿರೋಜಪುರದಲ್ಲಿ ಆರ್ಯಸಮಾಜದ ಅನಾಥಾಲಯವು ಹುಟ್ಟಿದ್ದಿತು. 1896-97ರ ಮತ್ತು 1899-1900ರ ಕ್ಷಾಮಗಳಲ್ಲಿ ಲಾಲಾ ಲಜಪತರಾಯರು ಹಿಂದೂ ಅನಾಥರ ರಕ್ಷಣೆಯನ್ನು ದೊಡ್ಡ ಚಳವಳಿಯಾಗಿ ನಡೆಸಿದರು. 1897ರಲ್ಲಿ ಸಾರ್ವಜನಿಕ ಕ್ಷಾಮನಿಧಿಯ ಉದ್ದೇಶಗಳಲ್ಲಿ ಅನಾಥರ ಪೋಷಣೆಯೂ ಒಂದಾಗಿ ಎಣಿಕೆಗೆ ಬಂದಿತು. ಸರ್ ಆಂಟನಿ ಮ್ಯಾಕ್‌ಡೊನೆಲ್ಲನ ಅಧ್ಯಕ್ಷತೆಯ 1901ರ ಕ್ಷಾಮ ಕಮಿಷನ್ನು, ಮೊದಲು ನಂಟರನ್ನು ಹುಡುಕಬೇಕು, ಅನಂತರ ಮಗುವಿನ ಸ್ವಮತದ ಸಂಸ್ಥೆಗಳನ್ನು ನೋಡಬೇಕು, ಅವೆರಡೂ ಒದಗದಿದ್ದರೆ ಮಾತ್ರ ಇತರರಿಗೆ ಒಪ್ಪಿಸಬೇಕೆಂಬ ನೀತಿಯನ್ನು ಪುಷ್ಟೀಕರಿಸಿತು. ಧಾತು ಈಶ್ವರದ ಮಕ್ಕಳಿಗೆ ಈ ಕ್ರಮವು ಒದಗಲಿಲ್ಲ. ಅದನ್ನು ಕಲಿಸಿದುದೇ ಅವರ ಅನುಭವ ಎನ್ನಬೇಕು.

ಮೈಸೂರಿನಲ್ಲಿ ಈ ಎಚ್ಚರಕ್ಕೆ ರೂಪ ಕೊಟ್ಟವರಲ್ಲಿ ಎಂ. ವೆಂಕಟಕೃಷ್ಣಯ್ಯನವರು ಮುಖ್ಯರು. ತಾತಯ್ಯನವರೆಂದು ಪ್ರಸಿದ್ಧರಾದ ಇವರು ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿಯೂ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಪತ್ರಿಕೆಗಳ ಮೂಲಕವೂ ಮಾಡಿದ ಸೇವೆಯು ಸಾಹಿತ್ಯಚರಿತ್ರೆಗೆ ಸೇರಿದುದು. ಮೈಸೂರಿನ ಅನಾಥಾಲಯವು ಅವರ ಇನ್ನೊಂದು ಕಾರ್ಯ. ಅದರ ಮೂಲದಲ್ಲಿ ಮಿಷನ್ನಿನವರ ಮಾದರಿಯೂ ಇದೆ, ಅವರೊಡನೆ ಸ್ಪರ್ಧೆಯೂ ಇದೆ. ವೆಸ್ಲಿಯನರ ಅನಾಥಶಾಲೆಯಿದ್ದ ತುಮಕೂರಿನ ಬಳಿಯಲ್ಲಿಯೇ ಸಿದ್ಧಗಂಗೆಯ ಮಠವು 20ನೆಯ ಶತಮಾನದಲ್ಲಿ ಬಡ ಮಕ್ಕಳ ಅನ್ನ ವಿದ್ಯೆಗಳ ದೊಡ್ಡ ನೆಲೆಯಾಗಿ ಬೆಳೆಯಿತು. ಮಠದ ದಾಸೋಹಕ್ಕೆ ಮೂಲ ಶರಣರ ಸಂಪ್ರದಾಯ, ಮಿಷನ್ನಿನದಲ್ಲ. ಆದರೆ ಶಾಲೆಯೊಡನೆ ಸೇರಿದ ವಸತಿ, ಹಾಜರಿಯ ಪಟ್ಟಿ, ನಿಯತವಾದ ದಿನಚರಿ ಮುಂತಾದ ಏರ್ಪಾಡುಗಳನ್ನು ನೋಡಿದರೆ ಎರಡು ಸಂಪ್ರದಾಯಗಳೂ ಒಂದನ್ನೊಂದು ಕಂಡಿದ್ದುವೆಂದು ಹೇಳಲು ಅಡ್ಡಿಯಿಲ್ಲ.

ಈ ಪ್ರಸಂಗದಲ್ಲಿ ಪಂಡಿತಾ ರಮಾಬಾಯಿಯ ಹೆಸರನ್ನು ಬಿಡಲಾಗದು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಈಕೆಯು ತಂದೆ ಅನಂತಶಾಸ್ತ್ರಿಗಳನ್ನೂ ತಾಯಿ ಲಕ್ಷ್ಮೀಬಾಯಿಯನ್ನೂ 1870ರ ದಶಕದ ಬರದಲ್ಲಿಯೇ ಕಳೆದುಕೊಂಡಳು. ಅವಳನ್ನು ಯಾವ ಅನಾಥಶಾಲೆಯೂ ತೆಗೆದುಕೊಳ್ಳಲಿಲ್ಲ. ಅಣ್ಣನೊಡನೆ ದೇಶವನ್ನೆಲ್ಲ ಕಾಲ್ನಡೆಯಲ್ಲಿ ಸುತ್ತಿ, ಕಂಠಸ್ಥವಾಗಿದ್ದ ಪುರಾಣವನ್ನೇ ಬುತ್ತಿಯಾಗಿ ಮಾಡಿಕೊಂಡು ಬದುಕಿದಳು. 1883ರಲ್ಲಿ ಇಂಗ್ಲೆಂಡಿನಲ್ಲಿ ಪ್ರಬುದ್ಧಳಾದ ಮೇಲೆ ತಾನೇ ಆರಿಸಿಕೊಂಡು ಕ್ರೈಸ್ತಳಾದಳು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾಸದನದ ವಿಷಯದಲ್ಲಿ ಮತಾಂತರದ ಆರೋಪವೆದ್ದುದು ಸರ್ವವಿದಿತ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವಿನ ಮುಕ್ತಿಯಲ್ಲಿ ಸಲಹಿದವಳು ಬರದ ತಬ್ಬಲಿಯಾಗಿದ್ದ ಈಕೆಯೇ. ಸಿಲುವೆಪುರದ ಮಕ್ಕಳಿಗೆ ದೊರೆಯದ ಆಯ್ಕೆಯು ಅವಳಿಗೆ ದೊರೆತಿದ್ದಿತು. ಅವರಿಗೆ ದೊರೆತ ಸೂರು ಅವಳಿಗೆ ದೊರೆಯಲಿಲ್ಲ.

20ನೆಯ ಶತಮಾನದ ಮೊದಲರ್ಧದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು, 1918ರಲ್ಲಿ ಇನ್‌ಫ್ಲುಯೆಂಜಾ. ಎರಡೂ ತಬ್ಬಲಿಗಳನ್ನು ಬಿಟ್ಟುಹೋದುವು. ಆದರೆ 1877ರಂತೆ ಹೊಸ ಊರುಗಳನ್ನು ಕಟ್ಟುವಷ್ಟು ನೆಲವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಅನಾಥರಕ್ಷಣೆಯು ವಸತಿಶಾಲೆಯೊಡನೆ ಬೆರೆಯುತ್ತ ಬಂದಿತು. 1940ರಲ್ಲಿ ಬೆಂಗಳೂರು ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತವಾಯಿತು.

1949ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಅಡಿಗಲ್ಲು ಬಿದ್ದ ಮೇಲೆ ಪಡುವಣ ಸೀಮೆಯ ಮುಖವೇ ಬದಲಾಯಿತು. ಪಟ್ಟಣವು ಮಾಗಡಿಯ ದಾರಿಯುದ್ದಕ್ಕೂ ಚಾಚಿಕೊಂಡಿತು. ಅದರೊಡನೆ, ಪಟ್ಟಣಕ್ಕೆ ಬೇಡವಾದವರನ್ನು ಇರಿಸುವ ಸ್ಥಳವೂ ಈ ದಾರಿಯೇ ಆಯಿತು. ಭಿಕ್ಷುಕರ ಕಾಲನಿಯೆಂದು ಜನರು ಕರೆಯುವ ನಿರಾಶ್ರಿತರ ಪರಿಹಾರ ಕೇಂದ್ರವು ಇಲ್ಲಿಯೇ ಇದೆ. 1970ರ ದಶಕದ ಕೊನೆಯಲ್ಲಿ ಸರ್ಕಾರವು ಕೊಟ್ಟ ನೆಲದಲ್ಲಿ ಬೆಂಗಳೂರಿನ ಮಹಾಧರ್ಮಪ್ರಾಂತದವರು ಕುಷ್ಠರೋಗಿಗಳ ಪುನರ್ವಸತಿಗಾಗಿ ಸುಮನಹಳ್ಳಿಯನ್ನು ಕಟ್ಟಿದರು. ಇಲ್ಲಿಯೂ ಹಳ್ಳಿ ಎಂಬ ಹೆಸರನ್ನೇ ಇಟ್ಟುದು ನೂರು ವರ್ಷದ ಹಿಂದಿನ ಸಿಲುವೆಪುರವನ್ನು ನೆನಪಿಗೆ ತರುವುದು. ರೋಗಿಗಳ ಮಕ್ಕಳಿಗೆ ವಿದ್ಯೆ ಕೊಡುವುದೂ, ಅನಂತರದ ದಿನಗಳಲ್ಲಿ ಎಚ್.ಐ.ವಿ. ಸೋಂಕಿಗೆ ಸಿಕ್ಕ ಮಕ್ಕಳನ್ನು ಸಲಹುವುದೂ ಅದರ ಕೆಲಸದೊಳಗೆ ಸೇರಿದುವು. ಇಂದು ಆ ಹೆಸರನ್ನು ಬಹುಮಂದಿ ಹೊರವರ್ತುಲ ರಸ್ತೆಯ ಮೇಲ್ಸೇತುವೆಯ ಹೆಸರೆಂದೇ ಬಲ್ಲರು.

ಬ್ಯಾಡರಹಳ್ಳಿಯ ಸುತ್ತಣ ಹೊಲಗಳೂ ಬಡಾವಣೆಗಳಾದುವು. ಈ ಸೀಮೆಯಲ್ಲಿ ಇಂದು ಕ್ರೈಸ್ತ ಸಭೆಗಳವರು ನಡೆಸುವ ಮಕ್ಕಳ ಮನೆಗಳು ಸಾಮಾನ್ಯವಾಗಿ ಚಿಕ್ಕವು. ಅಂಥ ಒಂದು ಮನೆಯು ಬೀದಿಯ ಇತರ ಮನೆಗಳ ನಡುವೆ ಒಂದು ಮನೆ. ಒಳಗಿರುವ ಮಕ್ಕಳೂ ಬೇರೆ ಬಗೆಯವರು. ಧಾತು ಈಶ್ವರದ ಮಕ್ಕಳ ತಂದೆತಾಯಿಗಳು ಸತ್ತಿದ್ದರು. ಈಗಿನ ಮಕ್ಕಳಲ್ಲಿ ಬಹುಮಂದಿಗೆ ತಂದೆಯೋ ತಾಯಿಯೋ ಬದುಕಿರುವುದುಂಟು. ಬಡತನ, ಕುಡಿತ, ರೋಗ, ಒಡೆದ ಸಂಸಾರ, ಊರು ಬಿಟ್ಟು ಬಂದ ಕೂಲಿಯ ಬಾಳು, ಇವು ಮಕ್ಕಳನ್ನು ಬಾಗಿಲಿಗೆ ತಂದು ಬಿಡುತ್ತವೆ. ತಬ್ಬಲಿಯೆಂಬ ಶಬ್ದವು ಅವರಿಗೆ ಸರಿಯಾಗಿ ಹೊಂದದು. ಕಾನೂನು ಕೂಡ ಆ ಶಬ್ದವನ್ನು ದಾಟಿ, ಪೋಷಣೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು ಎಂಬ ಮಾತನ್ನು ಬಳಸುತ್ತಿದೆ.

ಕಾನೂನಿನ ಬೆಳವಣಿಗೆಯನ್ನು ನೋಡಿದರೆ 1901ರ ನೀತಿಯೇ ಹಂತಹಂತವಾಗಿ ಬಿಗಿಯಾದುದು ತೋರುವುದು. 1960ರ ಕೇಂದ್ರ ಶಾಸನವು ಅನಾಥಾಲಯಗಳ ಮೇಲ್ವಿಚಾರಣೆಯನ್ನು ವಿಧಿಸಿತು. 1964ರಲ್ಲಿ ಮೈಸೂರು ರಾಜ್ಯವು ಮಕ್ಕಳ ಅಧಿನಿಯಮವನ್ನು ಮಾಡಿತು. ಬಾಲನ್ಯಾಯದ ಕೇಂದ್ರ ಶಾಸನಗಳು 1986, 2000 ಮತ್ತು 2015ರಲ್ಲಿ ಬಂದುವು. ಇವುಗಳಲ್ಲಿ ಕೊನೆಯದರ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ, ಅದು ಸರ್ಕಾರದ್ದಾಗಲಿ, ಸಭೆಯದಾಗಲಿ, ಮಠದ್ದಾಗಲಿ, ನೋಂದಣಿಯಾಗಬೇಕು. ಮಗುವು ಅಲ್ಲಿಗೆ ಬರುವುದು ಮಕ್ಕಳ ಕಲ್ಯಾಣ ಸಮಿತಿಯ ಆಜ್ಞೆಯಿಂದ. ಸಂಸ್ಥೆಯಲ್ಲಿ ಇರಿಸುವುದು ಕಟ್ಟಕಡೆಯ ಉಪಾಯವೆಂಬುದನ್ನು ಆ ಶಾಸನವು ತನ್ನ ಮೂಲತತ್ತ್ವಗಳಲ್ಲಿ ಒಂದಾಗಿ ಎಣಿಸಿರುವುದು. ಹೆತ್ತವರಿಗೆ ಹಿಂದಿರುಗಿಸುವುದು, ನಂಟರ ಬಳಿ ಇರಿಸುವುದು, ದತ್ತು, ಪೋಷಕ ಕುಟುಂಬ ಇವೆಲ್ಲವನ್ನೂ ಅದಕ್ಕಿಂತ ಮೊದಲು ನೋಡತಕ್ಕದ್ದು. ಸ್ವಂತ ನೆಲದಲ್ಲಿ ಸ್ವಂತ ಊರನ್ನೇ ಕಟ್ಟಿ ಮಕ್ಕಳನ್ನು ಒಕ್ಕಲುಗಳನ್ನಾಗಿ ಮಾಡುವ 19ನೆಯ ಶತಮಾನದ ಕ್ರಮಕ್ಕೆ ಈ ಶಾಸನದ ಕೆಳಗೆ ಎಡೆಯಿಲ್ಲ.

ಸಿಲುವೆಪುರದಲ್ಲಿ ಈಗ ಅನಾಥರಿಲ್ಲ ಎಂಬ ಮಾತನ್ನು ಎರಡು ಅರ್ಥದಲ್ಲಿಯೂ ಹೇಳಬಹುದು. ಮೊದಲು ಬಂದ ಮಕ್ಕಳ ಮಕ್ಕಳೂ ಮೊಮ್ಮಕ್ಕಳೂ ಗೃಹಸ್ಥರಾಗಿ ಒಂದು ಶತಮಾನಕ್ಕೆ ಮೇಲ್ಪಟ್ಟಿತು. ಅವರೆಲ್ಲ ಇತರ ಹಳ್ಳಿಯವರಂತೆ ಊರು, ಮನೆ, ನಂಟಸ್ತನಗಳುಳ್ಳ ಕನ್ನಡಿಗರು. ಚಿತ್ರಕಾರರಾದ ಜ್ಯೋತಿ ಸಾಹಿಯವರು ಇಲ್ಲಿ ನೆಲಸಿ ಕಲಾಶ್ರಮವನ್ನು ನಡೆಸಿದುದರಿಂದ ಊರಿನ ಹೆಸರು ಹೊರದೇಶಗಳಲ್ಲಿಯೂ ಕೇಳಿಬಂದಿದೆ. ಹೆಸರಘಟ್ಟದ ದಾರಿಯ ಇಕ್ಕೆಲಗಳಲ್ಲಿ ನಿವೇಶನದ ಕಲ್ಲುಗಳು ಎದ್ದಿವೆ. ಕ್ಷಾಮದ ಮಕ್ಕಳಿಗೆಂದು ದೊರೆತ ಭೂಮಿಗೆ ಈಗ ಬಂದಿರುವ ಬೆಲೆಯನ್ನು 1877ರ ಪಾದ್ರಿಗಳಾಗಲಿ ಕಮಿಷನರರಾಗಲಿ ಊಹಿಸುವುದು ಸಾಧ್ಯವಿರಲಿಲ್ಲ.